ಮೂರು ದಿನದ ಗಂಡುವೇಷ

ಮಡಿಲಲ್ಲಿದ್ದ ಹಂದಿಕಾಲು ಇನ್ನೂ ಬೆಚ್ಚಗಿತ್ತು. ಸ್ಟೀಲು ಡಬ್ಬಿಯ ತಳದಿಂದ ಆ ಬಿಸಿ ಪ್ಯಾಂಟಿನೊಳಗೆ ಇಳಿದು ತೊಡೆಗೆ ತಾಗುತ್ತಿದ್ದಾಗ, ಯಾರೋ ಗುರುತಿಲ್ಲದವರು ತಮ್ಮ ಮಗುವನ್ನು ತನ್ನ ಮೇಲೆ ಕೂರಿಸಿ ಹಿಂದಿನ ಸ್ಟೇಷನ್ನಿನಲ್ಲಿ ಇಳಿದುಹೋಗಿದ್ದಾರೆ ಎಂದು ಶಿಹೊಂಗನಿಗೆ ಅನ್ನಿಸಿತು. ಶನಿವಾರ ಮಧ್ಯಾಹ್ನದ ಮೆಟ್ರೋ ನದಿಯ ಅಡಿಯಲ್ಲಿ ಆಚೆ ದಡದ ಸಾನ್‌ಚೊಂಗ್ ಕಡೆಗೆ ಓಡುತ್ತಿತ್ತು. ಡಬ್ಬಿಯ ಸುತ್ತ ಅಮ್ಮ ಕೆಂಪು ಕಾಗದದ ಪಟ್ಟಿ ಸುತ್ತಿ, ಮೇಲೊಂದು ಕಟ್ಟು ಒಣ ಶ್ಯಾವಿಗೆ ಇಟ್ಟು, ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಹಾಕಿ ಕೊಟ್ಟಿದ್ದಳು. ಮೆಟ್ರೋದಲ್ಲಿ ತಿಂದರೆ ದಂಡ ಹಾಕುತ್ತಾರೆ, ವಾಸನೆಗೆ ಏನೂ ಮಾಡುವುದಿಲ್ಲ. ಸೋಯಾ ಮತ್ತು ಚಕ್ರಮೊಗ್ಗಿನ ಆ ವಾಸನೆ ಬೋಗಿಯ ಆ ತುದಿಯವರೆಗೂ ಹೋಗಿ ಅಲ್ಲಿದ್ದವರ ತಲೆಯನ್ನು ಒಂದೊಂದಾಗಿ ಇತ್ತ ತಿರುಗಿಸುತ್ತಿರುವುದು ಅವನಿಗೆ ಕಾಣುತ್ತಿತ್ತು. ಮೊದಲು ಎರಡೂ ತೋಳಿನಿಂದ ಡಬ್ಬಿಯನ್ನು ಬಳಸಿ ಹಿಡಿದಿದ್ದ. ಎದುರಿನ ಕಿಟಕಿಯ ಗಾಜಿನಲ್ಲಿ ಅದು ತಾಯಿಯೊಬ್ಬಳು ಕೂತ ಹಾಗೆ ಕಂಡಿತು. ತೋಳು ಬಿಚ್ಚಿ, ಕಾಲು ಅಗಲಿಸಿ, ಸ್ಕೂಟರಿನ ಹೆಲ್ಮೆಟ್ ಹಿಡಿದವನಂತೆ ಒಂದೇ ಕೈಯಿಂದ ಅಂಚು ಹಿಡಿದುಕೊಂಡ. ಹೀಗೆ ತನ್ನನ್ನು ತಾನೇ ತಿದ್ದಿಕೊಂಡದ್ದು ಬೆಳಿಗ್ಗೆಯಿಂದ ಇದು ಎಷ್ಟನೇ ಸಲವೋ. ಮೂವತ್ತಾರು ವರ್ಷದ ಗಂಡಸು, ಎದೆ ತುಂಬಿದ ಅಂಗಿ, ಗಿಡ್ಡ ಕೂದಲು, ಒಪ್ಪವಾಗಿ ಕತ್ತರಿಸಿದ ಗಡ್ಡ. ಗಾಜಿನಲ್ಲಿದ್ದವನಲ್ಲಿ ಹುಡುಕಿದರೂ ಕುಂದು ಸಿಗುತ್ತಿರಲಿಲ್ಲ. ಆದರೂ ಅವನು ಹುಡುಕುತ್ತಿದ್ದ.

"ಸಂಬಂಧ ಕೂಡಿತಾ?" ಪಕ್ಕದಲ್ಲಿದ್ದ ಮುದುಕಿ ಡಬ್ಬಿಯ ಕಡೆ ಗಲ್ಲ ಚಾಚಿ ಕೇಳಿದಳು. "ಜೋಡಿ ಮಾಡಿಸ್ದೋರಿಗೆ ತಾನೇ ಹಂದಿಕಾಲು? ಈಗಿನೋರು ಯಾರಪ್ಪ ಕೊಡ್ತಾರೆ ಇದನ್ನೆಲ್ಲ! ನಿಮ್ಮಮ್ಮ ಒಳ್ಳೆ ಮನೆತನದೋಳು."

"ಹೌದು," ಎಂದ, ಗಂಟಲಿನ ತಳದಿಂದ.

"ಹುಡುಗಿ ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾರೆ," ಎಂದ ಶಿಹೊಂಗ್. ಮುದುಕಿ ತೃಪ್ತಿಯಿಂದ ತಲೆಯಾಡಿಸಿದಳು. ಹುಡುಗಿಯಲ್ಲ ಹುಡುಗ ಎಂದು ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಇಂಥ ಮದುವೆಗೆ ಕಾನೂನು ಬಂದು ಎಷ್ಟೋ ವರ್ಷವಾಯಿತು. ಮುದುಕಿ ಬಹುಶಃ "ಹೌದಾ, ನಮ್ಮ ಬೀದೀಲೂ ಒಂದು ಜೋಡಿ ಇದೆ" ಅನ್ನುತ್ತಿದ್ದಳು. ಅವನ ಸುಳ್ಳುಗಳೆಲ್ಲ ಹೀಗೆಯೇ, ಯಾರಿಗೂ ಬೇಕಿಲ್ಲದವು, ಯಾವ ಅಪಾಯವೂ ಇಲ್ಲದ ಕಡೆ ಬಾಯಿಗೆ ಬಂದವು. ಅಮ್ಮ ಕಳೆದ ವಾರ ಕೇಳಿದಾಗಲೂ ಹಾಗೇ ಆಗಿತ್ತು. ಮಗ ಗಂಡಸನ್ನು ಮದುವೆಯಾಗುತ್ತಾನೆ ಎಂಬುದನ್ನು ನುಂಗಿಕೊಳ್ಳಲು ಅವಳಿಗೆ ನಾಲ್ಕು ವರ್ಷ ಬೇಕಾಗಿತ್ತು. ನುಂಗಿದ ಮೇಲೆ ಮಾತ್ರ ಒಂದು ಶಾಸ್ತ್ರವೂ ಬಿಡಬಾರದು ಎಂದು ಪಟ್ಟುಹಿಡಿದಿದ್ದಳು. ಸಂಬಂಧ ಕೂಡಿಸಿದವರಿಲ್ಲದೆ ಮದುವೆ ಅಂದರೇನು? ಸಿಹಿ ಚಹಾದ ತಟ್ಟೆ ಹಿಡಿದು ಜೋಡಿಗೆ ನಾಲ್ಕು ಸಾಲಿನ ಹರಕೆಯ ಪದ್ಯ ಹೇಳುವವರು ಯಾರು? ಅವಳ ಬಲಗಡೆಯ ಕುರ್ಚಿ ಯಾರದ್ದು? "ನಿಮ್ಮಿಬ್ಬರನ್ನ ಯಾರು ಜೋಡಿ ಮಾಡ್ಸಿದ್ದು?" ಎಂದು ಬಟಾಣಿ ಬಿಡಿಸುತ್ತ ಕೇಳಿದ್ದಳು. "ಆಫೀಸಿನಲ್ಲಿ ಒಬ್ಬರು ಹಿರಿಯರು," ಎಂದಿದ್ದ ಶಿಹೊಂಗ್. ಒಳಗೆ ಪಾತ್ರೆ ತೊಳೆಯುತ್ತಿದ್ದ, ಅವನು ಮದುವೆಯಾಗಲಿದ್ದ ಲೀವೆಯ್ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟದ್ದು ಕೇಳಿಸಿತ್ತು. ಲೀವೆಯ್ ಜಗಳವಾಡುವವನಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ; ದಿನವಿಡೀ ಜನರಿಗೆ ‘ಈಗ ಸ್ಪಷ್ಟ ಇದೆಯಾ, ಈಗ?’ ಎಂದು ಮೆಲ್ಲಗೆ ಕೇಳಿ ಕೇಳಿ ಅವನ ಮಾತೇ ಹಾಗಾಗಿತ್ತು. ಮಾರನೇ ಬೆಳಿಗ್ಗೆ ಹಲ್ಲುಜ್ಜುತ್ತ, ಕನ್ನಡಿಯಲ್ಲಿ ಶಿಹೊಂಗನನ್ನೇ ನೋಡುತ್ತ, ನೊರೆ ಉಗಿದು ಹೇಳಿದ: "ಆ ಕುರ್ಚೀಲಿ ಜಿನ್‌ಫಾ ಅಲ್ಲದೆ ಬೇರೆ ಯಾರಾದ್ರೂ ಕೂತ್ರೆ ನಿನ್ ಪಕ್ಕದ ಕುರ್ಚೀಲಿ ನಾನು ಕೂರಲ್ಲ. ಕೇಳೋದು ನೀನೇ ಹೋಗಿ ಕೇಳ್ಬೇಕು. ನಾನು ಕೇಳಿದ್ರೆ ಅವರು ನನಗೋಸ್ಕರ ಬಂದ್‌ಬಿಡ್ತಾರೆ." ಈಗ ಮದುವೆಗೆ ಹನ್ನೊಂದು ದಿನ ಉಳಿದಿತ್ತು.

ಜಿನ್‌ಫಾ ಎಂಬುದು ತಾಯಿತಂದೆ ಇಟ್ಟ ಹೆಸರು. ನಲವತ್ತು ವರ್ಷದಿಂದ ಹೆಣ್ಣುವೇಷ ಹಾಕಿ ದೇವಸ್ಥಾನದ ಮುಂದಿನ ವೇದಿಕೆಗಳಲ್ಲಿ, ಬಾರುಗಳಲ್ಲಿ, ಊಟದ ಪಂಕ್ತಿಗಳ ನಡುವೆ ಹಾಡಿ ಕುಣಿದ ಅವರನ್ನು ನದಿಯ ಎರಡೂ ದಡದವರು ಪಪ್ಪಾಯಿ ಅಕ್ಕ ಎಂದೇ ಕರೆಯುತ್ತಿದ್ದರು. ಆರು ವರ್ಷದ ಹಿಂದೆ ಶಿಹೊಂಗ್ ಅವರನ್ನು ಮೊದಲ ಸಲ ನೋಡಿದ್ದು ಒಂದು ಬಾರಿನ ಸಣ್ಣ ವೇದಿಕೆಯ ಮೇಲೆ. ಅವನು ಕೂತದ್ದು ಬೆಟ್ಟ ಹತ್ತುವ ಗೆಳೆಯರ ಜೊತೆ. ಎಲ್ಲರೂ ಒಂದೇ ಅಚ್ಚಿನವರು, ಒಂದೇ ಗಡ್ಡ, ಒಂದೇ ಬಿಗಿ ಬನಿಯನ್ನು, ಗಂಡಸರನ್ನು ಪ್ರೀತಿಸುವ ಗಂಡಸರು ನಿಜವಾದ ಗಂಡಸರೇ ಆಗಿರಬೇಕು ಎಂದು ನಂಬಿದವರು. ಆ ಕಾಲಕ್ಕೆ ಜೊತೆ ಹುಡುಕುವ ಆ್ಯಪ್‌ನಲ್ಲಿ ಶಿಹೊಂಗ್ ತನ್ನ ಚಿತ್ರದ ಕೆಳಗೆ ಬರೆದುಕೊಂಡಿದ್ದ: ‘ಗಂಡಸಿನಂತಿರುವವರು ಮಾತ್ರ. ಬಳುಕುವವರು, ಹೆಣ್ಣುವೇಷದವರು ದಯವಿಟ್ಟು ಬೇಡ.’ ಉಳಿದವರು ಇದನ್ನೇ ಬೈಗುಳದಲ್ಲಿ ಬರೆಯುತ್ತಿದ್ದರು. ತಾನು ದಯವಿಟ್ಟು ಎಂದು ಸೇರಿಸಿದ್ದೇನೆ ಎಂಬುದು ಅವನಿಗೆ ಸಭ್ಯತೆಯಾಗಿ ಕಂಡಿತ್ತು. ಪಪ್ಪಾಯಿ ಹಾಡುತ್ತ ಅವರ ಮೇಜಿನ ಬಳಿ ಬಂದು ಅವನ ಮುಂದೆ ಒಂದು ಹೂ ಹಿಡಿದಿದ್ದರು. ಅವನು ತೆಗೆದುಕೊಳ್ಳಲಿಲ್ಲ. ಕೈ ಕಟ್ಟಿಕೊಂಡು ಗೋಡೆ ನೋಡಿದ. ಗೆಳೆಯರು ನಕ್ಕರು. ಹೂವು ಅಷ್ಟು ಹೊತ್ತು ಗಾಳಿಯಲ್ಲೇ ಇದ್ದು ಪಕ್ಕದ ಮೇಜಿಗೆ ಹೋಯಿತು. ಆಮೇಲೆ, ಎಷ್ಟೋ ಆಮೇಲೆ, ಲೀವೆಯ್ ಹೇಳಿದ್ದ. ಅವತ್ತು ಆ್ಯಪ್‌ನಲ್ಲಿ ಆ ಸಾಲು ಓದಿ ‘ಇವನ ಸಹವಾಸ ಬೇಡ’ ಎಂದು ಮೂಲೆಯಲ್ಲಿ ಕೂತಿದ್ದ ಲೀವೆಯ್‌ನನ್ನು ಪಪ್ಪಾಯಿ ಎಬ್ಬಿಸಿ ಕಳಿಸಿದ್ದರಂತೆ. "ಹೋಗಿ ಕೂತ್ಕೋ ಆ ಕಲ್ಲಿನ ಬೊಂಬೆ ಪಕ್ಕ. ಮೇಲೆಲ್ಲ ಕಲ್ಲು. ಮೇಜಿನ ಕೆಳಗೆ ನೋಡು, ನಾನು ಹಾಡಿದಷ್ಟು ಹೊತ್ತೂ ಕಾಲು ತಾಳ ಹಾಕ್ತಿತ್ತು." ಆರು ವರ್ಷದ ಅನ್ನ, ಜ್ವರ ಬಂದಾಗ ಹಣೆಯ ಮೇಲಿಟ್ಟ ಕೈ, ಭಾನುವಾರದ ಬಟ್ಟೆ ಒಗೆತ, ಒಬ್ಬರ ಕಾಲಿಗೆ ಇನ್ನೊಬ್ಬರ ತಣ್ಣನೆಯ ಪಾದ ತಾಗಿಸಿ ಬೈಸಿಕೊಳ್ಳುವುದು, ಇವೆಲ್ಲ ಯಾರೋ ಒಬ್ಬರು ಮೇಜಿನ ಕೆಳಗೆ ನೋಡಿದ್ದರಿಂದ ಬಂದವು. ಅದನ್ನು ನೆನೆದಾಗಲೆಲ್ಲ ಶಿಹೊಂಗನಿಗೆ ಎದೆ ತುಂಬಿ ಬರುತ್ತಿತ್ತು, ಹಿಂದೆಯೇ ನಾಚಿಕೆಯೂ.

ಸ್ಟೇಷನ್ನಿನಿಂದ ಹೊರಗೆ ಬಿಸಿಲು ಚುರ್ ಎನ್ನುತ್ತಿತ್ತು. ಜೇಬಿನಲ್ಲಿ ಫೋನು ನಡುಗಿತು. ಬೆಟ್ಟದ ಗೆಳೆಯರ ಗುಂಪಿನಲ್ಲಿ ಆಕುನ್ ಬರೆದಿದ್ದ: ‘ಮದ್ವೆಗೆ ಸರ್ಕಸ್ ಕಂಪ್ನಿ ಕರೆಸ್ಬೇಡ ಮಾರಾಯ. ನಮ್ಮಂಥ ನೆಟ್ಟಗಿರೋರೂ ಇದ್ದೀವಿ ಅಂತ ನಿಮ್ ಕಡೆಯೋರು ನೋಡ್ಲಿ.’ ಕೆಳಗೆ ಏಳು ಜನ ಹೆಬ್ಬೆರಳು ಎತ್ತಿದ್ದರು. ಹಿಂದೆಲ್ಲ ಇಂಥದ್ದಕ್ಕೆ ಎಂಟನೇ ಹೆಬ್ಬೆರಳು ತನ್ನದಾಗಿರುತ್ತಿತ್ತು. ನೆಟ್ಟಗಿರುವುದು ಅವನಿಗೆ ಸುಲಭಕ್ಕೆ ಬಂದದ್ದಲ್ಲ. ಸೈನ್ಯದ ಕಡ್ಡಾಯ ಸೇವೆಯಲ್ಲಿ, ಸಾಲಾಗಿ ನಿಂತು ಅಂಕಿ ಕೂಗುವಾಗ, ಅವನ ಪಾಲಿಗೆ ಬಂದದ್ದು ಏಳು. ಏಳು ಎಂದು ಅವನು ಕೂಗಿದಾಗ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾರ್ಜೆಂಟು ಅವನೊಬ್ಬನನ್ನೇ ಮೈದಾನದ ನಡುವೆ ನಿಲ್ಲಿಸಿ, "ಇನ್ನೊಂದ್ಸಲ. ಈಗ ಗಂಡಸಾಗಿ," ಎಂದ. ಇನ್ನೊಂದು ಸಲ. ಇನ್ನೊಂದು ಸಲ. ಊಟದ ಗಂಟೆಯಾಗುವ ಹೊತ್ತಿಗೆ ದನಿ ಬಾವಿಯ ತಳ ಮುಟ್ಟಿತ್ತು. ಅಲ್ಲಿಂದ ಅವನು ಅದನ್ನು ಮೇಲೆ ಎಳೆದುಕೊಳ್ಳಲೇ ಇಲ್ಲ. ಸಂಜೆಯಾದರೆ ಗಂಟಲು ನೋಯುತ್ತಿತ್ತು, ಆಫೀಸಿನ ಡ್ರಾಯರಿನಲ್ಲಿ ಯಾವಾಗಲೂ ಜ್ಯೇಷ್ಠಮಧುವಿನ ಮಾತ್ರೆಗಳು ಇರುತ್ತಿದ್ದವು.

ಸಂತೆಬೀದಿಯಲ್ಲಿ ಮೀನಿನ ನೀರು ಹರಿಯುತ್ತಿತ್ತು. ಎರಡು ವರ್ಷದಿಂದ ಅವನು ಪಪ್ಪಾಯಿ ಇದ್ದ ಈ ಬೀದಿಗೆ ಕಾಲಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಮನೆಯ ಮುಂದೆ ಶಾಮಿಯಾನ ಹಾಕಿ, ಬಂದವರೆಲ್ಲ ಮೇಜಿನ ಸುತ್ತ ಕೂತು, ಸತ್ತವರ ದಾರಿಗೆಂದು ಹಳದಿ ಕಾಗದದ ತಾವರೆ ಮಡಿಸುತ್ತಿದ್ದರು. ಮೊದಲನೇ ದಿನ ಬೆಳಿಗ್ಗೆಯೇ, ಯಾರೂ ಕರೆಯದೆ, ಪಪ್ಪಾಯಿ ಬಂದರು. ಕಂದು ಪ್ಯಾಂಟು, ಕುತ್ತಿಗೆಯ ತನಕ ಗುಂಡಿ ಹಾಕಿದ ಅರ್ಧ ತೋಳಿನ ಬಿಳಿ ಅಂಗಿ, ಬೋಳುತಲೆ. ಕೊಂಬಿನಂತೆ ಬೆಳೆಸಿದ್ದ ಉಗುರನ್ನು ಸಾವಿನ ಮನೆಗೆಂದು ಬುಡದವರೆಗೆ ಕತ್ತರಿಸಿಕೊಂಡಿದ್ದರು. ಆದರೂ ಎರಡು ಉಗುರಿನ ಅಂಚಿನಲ್ಲಿ ಗುಲಾಬಿ ಬಣ್ಣದ ಗೆರೆ ಉಳಿದಿತ್ತು. ಶಿಹೊಂಗ್ ಕಂಡದ್ದು ಆ ಗೆರೆಯನ್ನೇ. ದೊಡ್ಡತ್ತೆ ಕನ್ನಡಕ ಏರಿಸಿ, "ಇವನ್ಯಾರೋ? ನಮ್ಮೋರಾ?" ಎಂದಳು. "ಶವಸಂಸ್ಕಾರದ ಕಂಪನಿಯವರು," ಎಂದ ಶಿಹೊಂಗ್. ಮಾತು ಎಷ್ಟು ತಯಾರಾಗಿ ಬಂತೆಂದರೆ, ಇದನ್ನು ತನ್ನೊಳಗೆ ಯಾರು ಹೀಗೆ ತಯಾರಿಟ್ಟಿದ್ದರು ಎಂದು ಆಮೇಲೆ ಅವನಿಗೇ ಹೆದರಿಕೆಯಾಯಿತು. ಪಪ್ಪಾಯಿ ಒಂದು ಕ್ಷಣ ಅವನನ್ನು ನೋಡಿದರು. ಎದ್ದರು. ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡರು. ಮೂರು ದಿನ ಕುರ್ಚಿ ಹೊತ್ತರು, ಟಾರ್ಪಾಲು ಬಿಗಿದರು, ಊದುಬತ್ತಿಯ ಬೂದಿ ಬಳಿದರು. ನಡಿಗೆ ಕೂಡ ಬೇರೆ, ಭುಜ ಮೊದಲು ಹೋಗಿ ಸೊಂಟ ಹಿಂದಿನಿಂದ ಬರುವ ನಡಿಗೆ. ಬಿಡುವಾದಾಗ ಒಂದು ತುದಿಯಲ್ಲಿ ನಿಂತೇ ತಾವರೆ ಮಡಿಸುತ್ತಿದ್ದರು. "ಈ ಕಂಪನಿಯವನ ಕೈ ನೋಡು," ಎಂದು ಅಮ್ಮ ಅತ್ತು ಕೆಂಪಾದ ಕಣ್ಣಲ್ಲೇ ಹೇಳಿದ್ದಳು, "ಒಂದು ಎಸಳು ಹೆಚ್ಚುಕಮ್ಮಿ ಇಲ್ಲ." ಊಟದ ಹೊತ್ತಿಗೆ ದೊಡ್ಡತ್ತೆ ಅವರನ್ನು ಕಂಪನಿಯ ಕೆಲಸದವರ ಜೊತೆ ಅವರ ವ್ಯಾನಿನ ಹಿಂದೆ ಕಳಿಸಿದಳು. ಶಿಹೊಂಗ್ ನೋಡುತ್ತ ನಿಂತಿದ್ದ. ಅವನಿಗೆ ಹೆದರಿಕೆಯಾದದ್ದು ಪಪ್ಪಾಯಿಯನ್ನು ನೋಡಿ ಜನ ನಗುತ್ತಾರೆಂದಲ್ಲ. ದೊಡ್ಡತ್ತೆಯ ಕಣ್ಣು ಆ ಉಗುರಿನಿಂದ ಹೊರಟು ತನ್ನ ಕಡೆ ತಿರುಗಿದರೆ ಹೋಲಿಕೆ ಕಂಡುಬಿಡುತ್ತದೆ ಎಂದು. ಈಗ ಆ ಸುಳ್ಳೇ ದಾರಿಗೆ ಅಡ್ಡ ಮಲಗಿತ್ತು. ಸಾವಿನ ಕೆಲಸದವರು ಮದುವೆಯ ಮನೆಗೆ ಕಾಲಿಟ್ಟರೆ ಕೇಡು ಎಂದು ಅಮ್ಮ ನಂಬಿದವಳು. ಗೋರಿಗೆ ಹಾರ ಕಟ್ಟುತ್ತಾನೆಂದು ಹೂವಿನವನನ್ನು ಕೂಡ ಬದಲಾಯಿಸಿದ್ದಳು. ಅಂಥವಳ ಬಲಗಡೆ ಕೂತು ಹರಕೆ ಹೇಳಬೇಕಾದವರನ್ನು ಅವನೇ ಹೆಣದ ಕಂಪನಿಗೆ ಸೇರಿಸಿಬಿಟ್ಟಿದ್ದ.

ನೂಡಲ್ ಅಂಗಡಿಯ ಮೇಲಿನ ಮಹಡಿಯ ಬಾಗಿಲು ತೆರೆದೇ ಇತ್ತು. ಒಳಗೆ ಕೋಣೆಯ ಉದ್ದಕ್ಕೂ ಹಗ್ಗ ಕಟ್ಟಿ ತೂಗುಹಾಕಿದ ನಿಲುವಂಗಿಗಳು, ಅವುಗಳ ಕೆಳಗೆ ಚಾಪೆಯ ಮೇಲೆ ಬನಿಯನ್ನು ಚಡ್ಡಿಯಲ್ಲಿ ಕೂತು ಮೂಗಿನ ತುದಿಯ ಕನ್ನಡಕದಲ್ಲಿ ಜರತಾರಿ ಬಿಲ್ಲೆ ಹೊಲಿಯುತ್ತಿದ್ದ, ಐವತ್ತೇಳು ವರ್ಷದ ಬೋಳುತಲೆಯ ವ್ಯಕ್ತಿ. ಬೀದಿಯಲ್ಲಿ ಕಂಡರೆ ಮೀನು ಮಾರುವವರೆಂದೇ ಅನ್ನಬೇಕು.

"ಓಹೋಹೋ, ಅಳಿಯಂದ್ರು!" ಪಪ್ಪಾಯಿ ತಲೆ ಎತ್ತದೆ ಅಂದರು. ಲೀವೆಯ್ ಅವರ ಬಾಯಲ್ಲಿ ಯಾವತ್ತೂ ಮಗಳು. "ಎರಡು ವರ್ಷಕ್ಕೆ ದಾರಿ ಸಿಕ್ತಾ? ಬನ್ನಿ, ಬನ್ನಿ. ಬಿಲ್ಲೆ ತುಳೀಬೇಡಿ. ಆ ಕುರ್ಚಿ ಮೇಲೆ ನನ್ ಎದೆ ಇದೆ, ಪಕ್ಕಕ್ಕಿಟ್ಟು ಕೂತ್ಕೊಳ್ಳಿ."

ಕುರ್ಚಿಯ ಮೇಲೆ ಸ್ಪಂಜಿನ ಎರಡು ಉಂಡೆಗಳಿದ್ದವು. ಶಿಹೊಂಗ್ ಅವನ್ನು ಎತ್ತಿಡಲಾರದೆ ನಿಂತೇ ಇದ್ದ.

"ಕಚ್ಚಲ್ಲ ಅವು. ಏನದು ಗಂಟು? ಮೂಗಿಗೆ ಬಡೀತಿದೆ."

"ಹಂದಿಕಾಲು."

ಸೂಜಿ ನಿಂತಿತು. "ಯಾರಿಗೆ?"

"ನಿಮಗೆ. ಅಮ್ಮ ಮಾಡಿದ್ದು. ಲೀವೆಯ್‌ನ ನನ್ನ..."

ಪಪ್ಪಾಯಿ ಮೊಣಕಾಲು ಹಿಡಿದು ಎದ್ದರು. ಚಡ್ಡಿಯ ಮೇಲೊಂದು ಲುಂಗಿಯಂಥ ಬಟ್ಟೆ ಸುತ್ತಿಕೊಂಡು, ಕನ್ನಡಕ ತೆಗೆದು, ಎದುರಿಗೆ ಬಂದು ನಿಂತರು. "ಒಂದ್ ಕೈಲಿ ಕೊಡೋ ವಸ್ತು ಅಲ್ಲ ಅದು." ಶಿಹೊಂಗ್ ಎರಡೂ ಕೈಯಲ್ಲಿ ನೀಡಿದ, ತಲೆ ಬಗ್ಗಿಸಿದ. ಪಪ್ಪಾಯಿ ಡಬ್ಬಿಯನ್ನು ಒಳಗೆ ಒಯ್ದು ಒಲೆಯ ಪಕ್ಕದಲ್ಲಿಟ್ಟು ಬಂದರು. "ಇಟ್ಟಿದ್ದೀನಿ," ಎಂದರು. "ತಗೊಂಡಿಲ್ಲ ಇನ್ನೂ. ಕೂತ್ಕೋ. ಬೂದುಗುಂಬಳದ ಷರಬತ್ತು ಇದೆ, ಕುಡಿ."

ಬಹುವಚನ ಹೋಗಿ ಏಕವಚನ ಬಂದದ್ದು ಅವನಿಗೆ ಒಂದು ರೀತಿಯ ನೆಮ್ಮದಿ ಕೊಟ್ಟಿತು. ಸ್ಪಂಜನ್ನು ಎತ್ತಿ ಪಕ್ಕಕ್ಕಿಟ್ಟ. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಹೇಳಿದ: ಹನ್ನೊಂದು ದಿನ, ಅಮ್ಮನ ಬಲಗಡೆಯ ಕುರ್ಚಿ, ಸಿಹಿ ಚಹಾ, ಹರಕೆ. ಹೇಳುವಾಗ ಸರಕಾರಿ ಪತ್ರ ಓದಿದಂತೆ ತನಗೇ ಕೇಳಿಸಿತು. ಪಪ್ಪಾಯಿ ಕೇಳುತ್ತ ನಾಲ್ಕು ಬಿಲ್ಲೆ ಹೊಲಿದರು.

"ಕುರ್ಚಿ ಕೊಡ್ತೀಯ, ಸರಿ. ಯಾರ್ ಕೂರ್ಬೇಕು ಅದ್ರಲ್ಲಿ? ಜಿನ್‌ಫಾನಾ, ಪಪ್ಪಾಯೀನಾ, ಹೆಣದ್ ಕಂಪನಿಯೋನಾ? ಮೂರ್ ಜನ ಇದ್ದೀವಪ್ಪ ನಾವು. ಕುರ್ಚಿ ನೋಡಿದ್ರೆ ಒಂದೇ."

ಕೆಳಗೆ ನೂಡಲ್ ಅಂಗಡಿಯಲ್ಲಿ ಯಾರೋ ಬಟ್ಟಲು ಜೋಡಿಸುತ್ತಿದ್ದರು. ಶಿಹೊಂಗ್ ಷರಬತ್ತಿನ ಲೋಟ ನೋಡುತ್ತ, "ತಪ್ಪಾಯ್ತು," ಎಂದ.

"ಏನಂದೆ?"

"ಅವತ್ತು ಹೇಳಿದ್ದು ತಪ್ಪಾಯ್ತು."

"ಆ ದನೀಲಿ ಹೇಳಿದ್ರೆ ರೇಡಿಯೋದಲ್ಲಿ ಪ್ರವಾಹದ ಸುದ್ದಿ ಓದಿದ್ ಹಾಗಿದೆ ಕಣೋ. ಗಂಟ್ಲಲ್ಲಿ ಏನಿಟ್ಕೊಂಡಿದ್ದೀಯಾ, ಒನಕೆನಾ?" ನಗುತ್ತಲೇ ಅಂದರು, ಆದರೆ ನಗು ಬೇಗ ಮುಗಿಯಿತು. "ನಲ್ವತ್ತು ವರ್ಷ ಆಯ್ತು ನಾನು ವೇಷ ಹಾಕೋಕೆ ಶುರು ಮಾಡಿ. ರಾಣಿ ಆಗಿದ್ದೀನಿ, ವಿಧವೆ ಆಗಿದ್ದೀನಿ, ಹಾವು ಆಗಿದ್ದೀನಿ. ಗಂಡಸಿನ ವೇಷ ಅಷ್ಟು ಚೆನ್ನಾಗಿ ಯಾವತ್ತೂ ಕೂತಿರ್ಲಿಲ್ಲ ನೋಡು. ಮೂರ್ ದಿನ! ಒಂದು ತಪ್ಪು ಹೆಜ್ಜೆ ಇಲ್ಲ. ನಿಮ್ ದೊಡ್ಡತ್ತೆ, ‘ಏಯ್ ಕಂಪನಿ, ಆ ಕುರ್ಚಿ ಈ ಕಡೆ ತಾ’ ಅಂದ್ರೆ ‘ಬಂದೆ ಅಮ್ಮ’ ಅನ್ನೋದೇನು, ಓಡೋದೇನು. ನೋಡೋಕೆ ಒಬ್ನೇ ಇದ್ದೆ ನೀನು, ಗೊತ್ತಿದ್ದು ನೋಡೋನು. ಒಂದು ಚಪ್ಪಾಳೆ ಹೊಡೀಲಿಲ್ಲ."

ಶಿಹೊಂಗ್ ಲೋಟವನ್ನು ನೆಲಕ್ಕಿಟ್ಟ.

"ಆ ಕೆಲಸದ ನಾಲ್ಕು ಜನ ಇದ್ರಲ್ಲ, ನಿಜವಾದ ಕಂಪನಿಯೋರು, ಅವರು ಕೇಳಿದ್ರು ಎರಡನೇ ದಿನ. ‘ಅಣ್ಣಾ, ನೀನು ನಮ್ಮೋನಲ್ಲ ಅಲ್ವಾ?’ ಅಂತ. ಅಲ್ಲಪ್ಪ ಅಂದೆ. ಇನ್ನೇನೂ ಕೇಳ್ಲಿಲ್ಲ. ಒಬ್ಬ ತನ್ ಡಬ್ಬೀಲಿದ್ದ ಮೊಟ್ಟೆ ತೆಗ್ದು ನನ್ನನ್ನದ ಮೇಲಿಟ್ಟ." ದಾರವನ್ನು ಹಲ್ಲಿನಿಂದ ಕಡಿದರು. "ನೀನು ಹೇಳಿದ್ ಸುಳ್ಳಿಗೆ ನಂಗೆ ಕೋಪ ಇಲ್ಲ. ಅಪ್ಪನ ಹೆಣ ಮುಂದಿತ್ತು. ಸಾವಿನ ಮನೇಲಿ ಯಾರಾದ್ರೂ ಸುಳ್ಳು ಹೇಳಿದ್ರೆ ಹೌದು ಅನ್ಬೇಕು. ಅವತ್ತಿಗೆ. ಮಾರನೇ ದಿನ ನೀನು ಬರ್ತೀಯ ಅಂತ ಕಾಯ್ದೆ. ತಪ್ಪಾಯ್ತು ಅನ್ನೋದೂ ಬೇಡ, ಸುಮ್ನೆ ಬಂದು, ಅಕ್ಕಾ ಒಂದು ಲೋಟ ಷರಬತ್ತು ಕೊಡು ಅಂತೀಯ ಅಂತ. ಮಗಳು ಬರೋದು ಪ್ರತಿ ಸಲ, ‘ಅವನಿಗೆ ಆಫೀಸು’ ಅನ್ನೋದು. ಎರಡು ವರ್ಷ ಏನೋ ನಿಮ್ಮಾಫೀಸಿಗೆ ಭಾನುವಾರ ಇರ್ಲಿಲ್ವಾ?"

ಅವನ ಕಣ್ಣ ಮುಂದೆ ಆ ಮೊಟ್ಟೆ ಇತ್ತು. ಅಪ್ಪನ ಸಾವಿನ ಮೂರು ದಿನವನ್ನು ಅವನು ಎಷ್ಟೋ ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದ, ಪ್ರತಿಸಲವೂ ತನ್ನ ಪಾಪವನ್ನೇ ಸವರುತ್ತ. ವ್ಯಾನಿನ ಹಿಂದೆ ಏನು ನಡೆಯಿತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಲ್ಲಿ ಒಬ್ಬ ಹೆಸರು ಗೊತ್ತಿಲ್ಲದ ಮನುಷ್ಯ ತನ್ನ ಪಾಲಿನ ಮೊಟ್ಟೆಯನ್ನು ಎತ್ತಿ ಕೊಟ್ಟಿದ್ದ. ತಾನು ಮಾಡಬೇಕಾದ್ದನ್ನು ತನ್ನ ಪರವಾಗಿ ಮಾಡಿ ಹೋದ ಆ ಮನುಷ್ಯನಿಗೂ ಕೃತಜ್ಞನಾಗಿರಬೇಕಾಯಿತಲ್ಲ ಎಂದು ಅವನಿಗೆ ಅನ್ನಿಸಿತು. ಬದುಕಿನಲ್ಲಿ ಒಳ್ಳೆಯದೆಲ್ಲ ತನ್ನ ಬೆನ್ನ ಹಿಂದೆ, ಮೇಜಿನ ಕೆಳಗೆ, ವ್ಯಾನಿನ ಮರೆಯಲ್ಲಿ ನಡೆದುಹೋಗಿತ್ತು. ತಾನು ಮಾತ್ರ ಎದೆ ಉಬ್ಬಿಸಿ ಎದುರಿಗೆ ನೋಡುತ್ತ ನಿಂತಿದ್ದ.

"ಏನ್ ಹಾಕ್ಕೊಂಡ್ ಬರ್ಲಿ ಹೇಳು," ಎಂದರು ಪಪ್ಪಾಯಿ. "ಪ್ಯಾಂಟಾ, ನಿಲುವಂಗಿನಾ?"

"ನಿಮ್ಮಿಷ್ಟ."

"ನಿಮ್ಮಿಷ್ಟ!" ಅವರು ಸೂಜಿಯನ್ನು ದಿಂಬಿಗೆ ಚುಚ್ಚಿದರು. "ಬರ್ದಿದ್ರೆ ಸಾಕಪ್ಪ ಅನ್ನೋರು ಹೇಳೋ ಮಾತು ಅದು. ಹೋಗು, ಮಗಳಿಗೆ ನಾನೇ ಹೇಳ್ತೀನಿ, ಅವತ್ತು ನಂಗೆ ದೇವಸ್ಥಾನದ ಕಾರ್ಯಕ್ರಮ ಇದೆ ಅಂತ. ನಿಮ್ಮಿಬ್ಬರ ಮದ್ವೆ ಏನೂ ನಿಲ್ಲಲ್ಲ. ಹಂದಿಕಾಲು ವಾಪಸ್ ತಗೊಂಡ್ ಹೋಗು."

ಅವರು ಒಳಗೆ ಹೋಗಿ ಡಬ್ಬಿ ತಂದು ಅವನ ಮುಂದಿಟ್ಟರು. ಶಿಹೊಂಗ್ ಅದನ್ನು ನೋಡಿದ. ಎತ್ತಿಕೊಂಡು ಮೆಟ್ಟಿಲಿಳಿದರೆ, ಲೀವೆಯ್‌ಗೆ ಹೇಳಲು ಒಂದು ಸುಳ್ಳನ್ನು ಪಪ್ಪಾಯಿಯೇ ಕಟ್ಟಿಕೊಟ್ಟಿದ್ದರು, ಸಾವಿನ ಮನೆಯಲ್ಲಿ ಪೊರಕೆ ತೆಗೆದುಕೊಂಡ ಹಾಗೆಯೇ. ಮತ್ತೊಮ್ಮೆ ಅವರೇ ವೇಷ ಹಾಕಿ ತನ್ನನ್ನು ಕಾಪಾಡುತ್ತಾರೆ. ಅವನು ಫೋನು ತೆಗೆದು, ಎರಡು ಸಲ ತಪ್ಪು ಒತ್ತಿ, ಅಮ್ಮನಿಗೆ ಕರೆ ಮಾಡಿ, ಇಬ್ಬರಿಗೂ ಕೇಳಿಸುವಂತೆ ಸ್ಪೀಕರಿಗೆ ಹಾಕಿ ಚಾಪೆಯ ಮೇಲಿಟ್ಟ.

"ಕೊಟ್ಯಾ?" ಅಮ್ಮನ ದನಿ. ಹಿಂದೆ ಟೀವಿ ಕೂಗುತ್ತಿತ್ತು. "ಎರಡೂ ಕೈಲಿ ಕೊಟ್ಯಾ?"

"ಅಮ್ಮಾ, ಆಫೀಸಿನ ಹಿರಿಯರು ಅಂತ ಯಾರೂ ಇಲ್ಲ. ನಾನು ಸುಳ್ಳು ಹೇಳ್ದೆ."

ಟೀವಿ ನಿಂತಿತು.

"ನಮ್ಮನ್ನ ಜೋಡಿ ಮಾಡ್ಸ್ದೋರ ಹೆಸರು ಜಿನ್‌ಫಾ. ಹೆಣ್ಣುವೇಷ ಹಾಕಿ ಹಾಡ್ತಾರೆ. ನೀನು ನೋಡಿದ್ದೀಯಾ. ಅಪ್ಪ ಹೋದಾಗ ಶಾಮಿಯಾನದಲ್ಲಿ... ತಾವರೆ ಮಡಿಸ್ತಿದ್ರಲ್ಲ, ಅವರು."

"ಅವನು ಹೆಣದ ಕಂಪನಿಯವನಲ್ವೇನೋ?"

"ಅಲ್ಲ. ನಾನು ಹಾಗಂದೆ. ನಾಚಿಕೆ ಆಯ್ತು ಅದಕ್ಕೆ ಹಾಗಂದೆ. ನಂಗೆ ಹೆದರಿಕೆ ಅಮ್ಮಾ, ಅವರ ಥರಾನೇ ನಾನೂ ಅಂತ ಎಲ್ಲರಿಗೂ ಗೊತ್ತಾಗುತ್ತೆ ಅಂತ." ಮಾತಿನ ನಡುವೆ ದನಿ ಎಲ್ಲೋ ಮೇಲೆ ಹೋಗಿ ಒಡೆದಿತ್ತು. ಅದನ್ನು ಹಿಡಿದು ಇಳಿಸಲು ಅವನಿಗೆ ಪುರುಸೊತ್ತಾಗಲಿಲ್ಲ. ಪಪ್ಪಾಯಿ ಗೋಡೆ ನೋಡುತ್ತಿದ್ದರು.

ಅತ್ತ ಕಡೆ ಕುರ್ಚಿಯೊಂದು ಸರಿದ ಸದ್ದಾಯಿತು. ಆಮೇಲೆ ಅಮ್ಮ, ಒಂದೊಂದೇ ಪದ ಎಣಿಸಿದಂತೆ, "ಹಾಗಾದ್ರೆ ಅವರು ನಮ್ಮನೆಗೆ ಬಂದ ನೆಂಟರು," ಎಂದಳು.

"ಹೌದು."

"ನಿಮ್ಮಪ್ಪನಿಗೋಸ್ಕರ ಬಂದೋರು. ನೀನು ಅವರ ಕೈಲಿ ಕಸ ಹೊಡೆಸ್ದೆ. ವ್ಯಾನಿನ ಹಿಂದೆ ಕೂರಿಸಿ ಊಟ ಹಾಕಿದೆ." ದನಿ ಏರತೊಡಗಿತು. "ಮೂರು ದಿನ! ಮೂರು ದಿನ ನೆಂಟರಿಗೆ ಹಾಗೆ ಮಾಡಿದ್ಯಲ್ಲೋ! ನಾನು ಒಂದು ಮಾತು, ಕೂತ್ಕೊಳ್ಳಿ ಅಂದಿದ್ನೇನೋ ಅವರಿಗೆ? ನಿಮ್ಮಪ್ಪ ಮೇಲಿಂದ ನೋಡ್ತಿರ್ತಾರೆ, ಏನಂದ್ಕೊಂಡಿರ್ತಾರೆ ನನ್ನ? ಹೆಣ್ಣುವೇಷವೋ ಎಂಥ ವೇಷವೋ, ನಂಗೆ ಅದು ಅರ್ಥ ಆಗಲ್ಲ, ಅರ್ಥ ಆಗೋಕೆ ಟೈಮ್ ಬೇಕು, ಸುಳ್ಳ್ ಹೇಳಲ್ಲ. ಆದ್ರೆ ನೆಂಟರನ್ನ ವ್ಯಾನಿನ ಹಿಂದೆ ಕೂರ್ಸೋದು! ಎಲ್ಲಿದ್ದಾರೆ ಅವರು? ಕೊಡು ಫೋನು."

ಶಿಹೊಂಗ್ ಪಪ್ಪಾಯಿಯ ಕಡೆ ನೋಡಿದ. ಸಾವಿರ ಜನರ ಮುಂದೆ ಗಂಡಸರ ಮಡಿಲಲ್ಲಿ ಕೂತು ಕೀಟಲೆ ಮಾಡುವ ಪಪ್ಪಾಯಿ ಅಕ್ಕ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು. ಆಮೇಲೆ ಬನಿಯನ್ನು ಎಳೆದು ಸರಿಮಾಡಿಕೊಂಡರು, ಫೋನಿನಲ್ಲಿ ಕಾಣಿಸುತ್ತದೇನೋ ಎಂಬಂತೆ. ಎದ್ದು ನಿಂತು ಎರಡೂ ಕೈಯಲ್ಲಿ ಫೋನು ಹಿಡಿದು, ಸ್ಪೀಕರು ಆರಿಸಿ, ಕಿವಿಗಿಟ್ಟುಕೊಂಡರು. "ಅಕ್ಕಾ," ಎಂದರು, "ನಾನು ಜಿನ್‌ಫಾ." ಅದು ವೇದಿಕೆಯ ದನಿಯಲ್ಲ. ಶಾಮಿಯಾನದ ‘ಬಂದೆ ಅಮ್ಮ’ ದನಿಯೂ ಅಲ್ಲ. ಶಿಹೊಂಗ್ ಅದನ್ನು ಮೊದಲ ಸಲ ಕೇಳುತ್ತಿದ್ದ. "ಇಲ್ಲ ಅಕ್ಕಾ... ಅಯ್ಯೋ, ಅಳಬಾರ್ದು... ಊಟ ಚೆನ್ನಾಗೇ ಇತ್ತು, ಮೊಟ್ಟೆ ಇತ್ತು... ಹನ್ನೆರಡು ಎಸಳು, ಹೌದು, ನಮ್ಮಮ್ಮ ಕಲ್ಸಿದ್ದು... ಹೇಗ್ ಬೇಕಾದ್ರೂ ಕರೀರಿ. ತಮ್ಮ ಅನ್ನಿ. ತಂಗಿ ಅನ್ನಿ. ಬಾಯಿಗೆ ಬಂದಿದ್ದನ್ನ ಅನ್ನಿ." ಕಿಟಕಿಗೂ ಬಾಗಿಲಿಗೂ ಓಡಾಡುತ್ತ, ಕಾಗದದ ಯಾವ ಬದಿಯನ್ನು ಒಳಗೆ ಮಡಿಸಬೇಕು ಎಂಬುದರ ಬಗ್ಗೆ, ಹಂದಿಕಾಲಿಗೆ ಸಕ್ಕರೆ ಮೊದಲು ಹಾಕಬೇಕೋ ಆಮೇಲೋ ಎಂಬುದರ ಬಗ್ಗೆ ಅವರು ಮಾತಾಡುತ್ತಲೇ ಹೋದರು. ಶಿಹೊಂಗ್ ಚಾಪೆಯ ಮೇಲೆ ಇಳಿದು ಕೂತ. ತನ್ನ ಮಾತು ಮುಗಿದಿದೆ, ಇನ್ನು ತಾನು ಏನನ್ನೂ ಕಾಯಬೇಕಾಗಿಲ್ಲ ಎಂಬುದು ಮೈಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಲಿಗೆ ಅರ್ಧಕ್ಕೆ ನಿಂತಿದ್ದ ತೋಳಿನ ಮೇಲೆ ಬಿಲ್ಲೆಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಒಂದು ಬಿಲ್ಲೆ ಎತ್ತಿ ಬೆರಳ ತುದಿಯಲ್ಲಿ ಆಚೀಚೆ ತಿರುಗಿಸಿದ. ಎದುರಿನ ಗೋಡೆಯ ಮೇಲೆ ಬೆಳಕಿನ ಚುಕ್ಕೆಯೊಂದು ಓಡಿತು.

ಪಪ್ಪಾಯಿ ಫೋನಿನ ಬಾಯಿಗೆ ಅಂಗೈ ಮುಚ್ಚಿ ಅವನ ಕಡೆ ಬಗ್ಗಿದರು. "ಏನು ಉಡ್ತೀರಿ ಅಂತ ಕೇಳ್ತಿದ್ದಾರೆ ನಿಮ್ಮಮ್ಮ. ಬಿಳಿ ಬೇಡ್ವಂತೆ, ಕಪ್ಪು ಬೇಡ್ವಂತೆ. ಮಿಕ್ಕಿದ್ದು ಮಗನ್ನ ಕೇಳಿ ಅಂದ್ರು."

ಶಿಹೊಂಗ್ ಎದ್ದು ಹಗ್ಗದ ಬಳಿ ಹೋದ. ನಿಲುವಂಗಿಗಳನ್ನು ಒಂದೊಂದಾಗಿ ಸರಿಸಿದ. ನೀಲಿ, ನವಿಲುಹಸಿರು, ಕಿತ್ತಳೆ, ಒಂದು ಹಾವಿನ ಪೊರೆಯಂಥದ್ದು. ಗೋಡೆಗೆ ಒತ್ತಿಕೊಂಡಂತೆ ಕೊನೆಯಲ್ಲಿದ್ದದ್ದನ್ನು ಹೊರಗೆಳೆದ. "ಇದು," ಎಂದ.

"ಹುಚ್ಚಾ ನಿಂಗೆ? ಕೆಂಪು ಮದುಮಗಳದ್ದು ಕಣೋ. ಬಂದೋರು ಉಟ್ರೆ ಊರೆಲ್ಲ ಉಗೀತಾರೆ."

"ನಮ್ ಮದ್ವೇಲಿ ಅದನ್ನ ಉಡೋರೇ ಇಲ್ವಲ್ಲ. ನಂದೂ ಬೂದು ಸೂಟು, ಅವನದ್ದೂ ಬೂದು ಸೂಟು. ಕೆಂಪು ಸುಮ್ನೆ ಖಾಲಿ ಬಿದ್ದಿದೆ ಅಕ್ಕಾ. ನೀವು ಉಡಿ."

ಪಪ್ಪಾಯಿ ಅವನನ್ನೂ ಅವನ ಕೈಯಲ್ಲಿದ್ದ ನಿಲುವಂಗಿಯನ್ನೂ ನೋಡಿದರು. ಅಂಗೈ ತೆಗೆದು ಫೋನಿಗೆ, "ಕೆಂಪಂತೆ ಅಕ್ಕಾ," ಎಂದು ಬಹಳ ಮೆಲ್ಲಗೆ ಹೇಳಿ, ಕಾರಣವನ್ನೂ ಹೇಳಿ, ಕಾದರು. ಕೆಳಗೆ ಬೀದಿಯಲ್ಲಿ ಸ್ಕೂಟರುಗಳು ಹೋದವು. ಆಮೇಲೆ ಪಪ್ಪಾಯಿ ಹೂಂ ಎಂದರು, ಮತ್ತೆ ಹೂಂ ಎಂದರು.

"ಹೂ ಅವರೇ ತರ್ತಾರಂತೆ," ಎಂದು ಶಿಹೊಂಗನಿಗೆ ಹೇಳಿದರು. "ಕೆಂಪು ರೇಷ್ಮೆದಾರ ಸುತ್ತಿ ಮಾಡೋ ಹೂವು. ಸಂಬಂಧ ಕೂಡಿಸ್ದೋಳ ಮುಡಿಗೆ ಅವರ ಕೈಯಾರೆ ಮುಡಿಸ್ತಾರಂತೆ." ಹೇಳುತ್ತ ಹೇಳುತ್ತ ಅವರ ಬಿಡುವಾಗಿದ್ದ ಕೈ ಮೇಲೆ ಹೋಗಿ ಆ ಬೋಳುತಲೆಯನ್ನು ಸವರತೊಡಗಿತು, ಕಿವಿಯ ಮೇಲೆ, ಹಿಂದೆ, ನೆತ್ತಿಯಲ್ಲಿ, ಹೂವಿಗೆ ಒಂದು ಜಾಗ ಹುಡುಕುತ್ತ.